ಸ್ತನ್ಯಪಾನ ಮತ್ತು ಶಿಶುವಿನ ಬೆಳವಣಿಗೆ

ತಾಯಿಯ ಎದೆಯಲ್ಲಿ ಒಸರುವ ಹಾಲನ್ನು ಕೂಸಿಗೆ ಉಣಿಸುವುದಕ್ಕೆ ಸ್ತನ್ಯಪಾನ ಎಂದು ಹೆಸರು. ಮೊಲೆಯೂಡಿಸುವುದು, ಎದೆಗೆ ಹಾಕಿಕೊಳ್ಳುವುದು, ಹಾಲು ಕೊಡುವುದು ಎಂದೂ ಹೇಳುತ್ತಾರೆ. ಈ ಎಲ್ಲ ಮಾತುಗಳಲ್ಲೂ ಕೊಡುವವಳು ತಾಯಿ. ಮಗುವಿಗೆ ಉಳಿದದ್ದು ಕುಡಿಯುವ ಕೆಲಸ ಮಾತ್ರ. ಶರೀರದ ಲೆಕ್ಕ ಬೇರೆ. ಎಷ್ಟು ಹಾಲು ಬರಬೇಕು ಎಂಬುದನ್ನು ಬಹುಮಟ್ಟಿಗೆ ಗೊತ್ತುಮಾಡುವುದು ಮಗುವಿನ ಬಾಯಿ. ಅದು ಎದೆಯಿಂದ ದೂರ ಉಳಿದಷ್ಟೂ ಹಾಲು ಇಳಿಮುಖವಾಗುತ್ತದೆ. ಹೆರಿಗೆ ಕೋಣೆಯ ಪದ್ಧತಿಯಿಂದ ಹಿಡಿದು ಕಾರ್ಖಾನೆಯ ರಜೆಯ ನಿಯಮದವರೆಗೆ, ಈ ವಿಷಯದ ಸುತ್ತ ನಡೆದಿರುವ ಬಹುಪಾಲು ವಾದಗಳ ತಳದಲ್ಲಿ ಈ ಒಂದು ಸಂಗತಿ ಇದೆ.

ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಬೇಕು, ಆರು ತಿಂಗಳು ತುಂಬುವವರೆಗೆ ಎದೆಹಾಲು ಬಿಟ್ಟು ನೀರನ್ನೂ ಕೊಡಬಾರದು, ಆಮೇಲೆ ಬೇರೆ ಆಹಾರದ ಜೊತೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಾಲೂಡಿಸಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮೊದಲು ಇದ್ದ ‘ನಾಲ್ಕರಿಂದ ಆರು ತಿಂಗಳು’ ಎಂಬ ಮಾತು 2001ರಲ್ಲಿ ‘ಆರು ತಿಂಗಳು’ ಎಂದು ಖಚಿತವಾಯಿತು.

ಹಾಲು ಇಳಿಯುವ ಬಗೆ

ಬಸಿರಿನ ನಡುಗಾಲಕ್ಕೇ ಎದೆ ಹಾಲು ತಯಾರಿಸಲು ಸಿದ್ಧವಾಗಿರುತ್ತದೆ. ಮಾಸಿನಿಂದ ಬರುವ ಪ್ರೊಜೆಸ್ಟೆರಾನ್ ಅದನ್ನು ತಡೆದು ಹಿಡಿದಿರುತ್ತದೆ. ಹೆರಿಗೆಯಾಗಿ ಮಾಸು ಬಿದ್ದೊಡನೆ ಈ ತಡೆ ಕಳಚಿ, ಎರಡರಿಂದ ನಾಲ್ಕು ದಿನಗಳಲ್ಲಿ ಹಾಲು ತುಂಬಿಕೊಳ್ಳುತ್ತದೆ. ಚೊಚ್ಚಲ ಹೆರಿಗೆಯಲ್ಲಿ, ಸಿಸೇರಿಯನ್ ಆದಾಗ, ತಾಯಿಗೆ ಸಕ್ಕರೆ ಕಾಯಿಲೆ ಇದ್ದಾಗ ಇದು ಒಂದೆರಡು ದಿನ ತಡವಾಗಬಹುದು. ಮಾಸಿನ ಚೂರು ಒಳಗೇ ಉಳಿದರೂ ಹಾಗೆಯೇ.

ಇಲ್ಲಿಂದ ಮುಂದಕ್ಕೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಎರಡು ಚೋದಕಗಳು ಕೆಲಸ ಮಾಡುತ್ತವೆ. ಮಗು ಚೀಪಿದಾಗಲೆಲ್ಲ ಪ್ರೊಲ್ಯಾಕ್ಟಿನ್ ಏರಿ ಹಾಲಿನ ತಯಾರಿಗೆ ಚಾಲನೆ ಕೊಡುತ್ತದೆ. ಇದರ ಮಟ್ಟ ರಾತ್ರಿ ಹೆಚ್ಚು. ಹಾಗಾಗಿ ರಾತ್ರಿ ಹಾಲೂಡಿಸುವುದನ್ನು ತಪ್ಪಿಸಿದರೆ ಹಗಲಿನ ಹಾಲಿಗೂ ಪೆಟ್ಟು ಬೀಳುತ್ತದೆ. ಆಕ್ಸಿಟೋಸಿನ್ ತಯಾರಾದ ಹಾಲನ್ನು ಹೊರಕ್ಕೆ ತಳ್ಳುತ್ತದೆ. ಮೊದಲ ದಿನಗಳಲ್ಲಿ ಮಗು ಕುಡಿಯುವಾಗ ಬಾಣಂತಿಗೆ ಕಿಬ್ಬೊಟ್ಟೆ ಹಿಂಡಿದಂತಾಗುವುದು ಇದೇ ಚೋದಕದಿಂದ. ಗರ್ಭಕೋಶವನ್ನು ಕುಗ್ಗಿಸಿ ರಕ್ತಸ್ರಾವ ತಗ್ಗಿಸುವುದೂ ಅದೇ. ಹಸು ಕರೆಯುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕರುವನ್ನು ಬಿಟ್ಟರೆ ಹಸು ತೊರೆ ಬಿಡುತ್ತದೆ, ಹೊಸಬರು ಕೂತರೆ ಬಿಗಿಹಿಡಿಯುತ್ತದೆ. ಹೆಂಗಸಿನಲ್ಲೂ ಮಗುವಿನ ಅಳು ಕಿವಿಗೆ ಬಿದ್ದರೆ ಸಾಕು, ರವಿಕೆ ಒದ್ದೆಯಾಗುತ್ತದೆ. ನೋವು, ಹೆದರಿಕೆ, ನಾಚಿಕೆ ಇದ್ದರೆ ಎದೆ ತುಂಬಿದ್ದರೂ ಹಾಲು ಇಳಿಯುವುದಿಲ್ಲ. ಆದರೆ ಹಸುವಿನ ಕೆಚ್ಚಲಿನಲ್ಲಿ ಇರುವಂಥ ಹಾಲಿನ ತೊಟ್ಟಿ ಹೆಣ್ಣಿನ ಎದೆಯಲ್ಲಿ ಇಲ್ಲ. ಆದ್ದರಿಂದ ಹಿಂಡಿ ನೋಡಿ ‘ಹಾಲೇ ಇಲ್ಲ’ ಎಂದು ತೀರ್ಮಾನಿಸುವುದು ತಪ್ಪು ಅಳತೆ.

ಕೆಲವು ವಾರ ಕಳೆದ ಮೇಲೆ ಹತೋಟಿ ಎದೆಗೇ ವರ್ಗವಾಗುತ್ತದೆ. ತುಂಬಿಕೊಂಡ ಎದೆ ತಯಾರಿಕೆಯನ್ನು ತಾನೇ ನಿಧಾನಿಸುತ್ತದೆ, ಬರಿದಾದ ಎದೆ ಚುರುಕಾಗುತ್ತದೆ. ಒಂದೇ ಬದಿಯಲ್ಲಿ ಕುಡಿದು ರೂಢಿಯಾದ ಮಗುವಿನ ತಾಯಿಗೆ ಇನ್ನೊಂದು ಬದಿ ಬತ್ತುವುದು ಇದರಿಂದಲೇ. ಅವಳಿ ಮಕ್ಕಳಿಗೂ ಒಬ್ಬ ತಾಯಿಯ ಹಾಲು ಸಾಲುವುದರ ಗುಟ್ಟೂ ಇದೇ.

ಚೀಪುವ ರೀತಿ ಸರಿಯಿರಬೇಕು. ಮಗುವಿನ ಬಾಯಿ ಬರೀ ತೊಟ್ಟನ್ನು ಕಚ್ಚದೆ, ಅದರ ಸುತ್ತಲಿನ ಕಪ್ಪು ಭಾಗದ ಬಹುಪಾಲನ್ನು ಒಳಗೆ ತೆಗೆದುಕೊಳ್ಳಬೇಕು. ತೊಟ್ಟು ಒಡೆಯುವುದು, ಹಾಲು ಕಟ್ಟಿ ಎದೆ ಕಲ್ಲಾಗುವುದು, ಜ್ವರ ಬರುವುದು, ಮಗು ಸದಾ ಕುಡಿಯುತ್ತಿದ್ದರೂ ತೂಕ ಏರದಿರುವುದು ಇವುಗಳಲ್ಲಿ ಹೆಚ್ಚಿನವಕ್ಕೆ ಮೂಲ ಇಲ್ಲೇ ಸಿಗುತ್ತದೆ. ಪಕ್ಕದಲ್ಲಿ ಕೂತು ತಿದ್ದಿ ತೋರಿಸುವವರು ಒಬ್ಬರಿದ್ದರೆ ಸರಿಹೋಗುವ ತೊಂದರೆಗಳಿವು. ಹಿಂದೆ ಸೂಲಗಿತ್ತಿಯೋ ಅಜ್ಜಿಯೋ ಮಾಡುತ್ತಿದ್ದ ಕೆಲಸ. ಆಸ್ಪತ್ರೆಯ ಗದ್ದಲದಲ್ಲಿ ಅದು ಯಾರ ಪಾಲಿಗೆ ಬಂತು ಎನ್ನುವುದು ಹಲವೆಡೆ ಇನ್ನೂ ತೀರ್ಮಾನವಾಗಿಲ್ಲ.

ಹಾಲಿನಲ್ಲಿ ಇರುವುದು

ಎದೆಹಾಲಿನಲ್ಲಿ ಸುಮಾರು ಶೇ 88 ನೀರು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲೂ ಆರು ತಿಂಗಳೊಳಗಿನ ಕೂಸಿಗೆ ಬೇರೆ ನೀರು ಬೇಡ ಎನ್ನುವುದು ಇದಕ್ಕಾಗಿ. ನೂರು ಮಿಲಿಲೀಟರಿನಲ್ಲಿ ಸುಮಾರು 7 ಗ್ರಾಂ ಲ್ಯಾಕ್ಟೋಸ್, 4 ಗ್ರಾಂ ಕೊಬ್ಬು, 1 ಗ್ರಾಂ ಪ್ರೋಟೀನ್ ಇರುತ್ತದೆ. ಹಸುವಿನ ಹಾಲಿನಲ್ಲಿ ಪ್ರೋಟೀನ್ ಇದರ ಮೂರು ಪಟ್ಟಿಗೂ ಹೆಚ್ಚು. ಕರು ತಿಂಗಳುಗಳಲ್ಲಿ ಮೈತುಂಬಿಕೊಳ್ಳಬೇಕು, ಹುಟ್ಟಿದ ದಿನವೇ ನಿಲ್ಲಬೇಕು. ಮನುಷ್ಯನ ಮರಿಗೆ ಅಂಥ ಅವಸರವಿಲ್ಲ. ಅದರ ಮೆದುಳು ಮೈಗಿಂತ ಮುಂದೆ ಓಡುತ್ತದೆ. ಹಾಲು ಒಂದೇ ಸಮನಾಗಿಯೂ ಇರುವುದಿಲ್ಲ. ಒಂದು ಊಡಿಕೆಯಲ್ಲೇ ಮೊದಮೊದಲು ತೆಳ್ಳಗಿದ್ದು ಕೊನೆಗೆ ಕೊಬ್ಬು ಹೆಚ್ಚುತ್ತದೆ. ಅರ್ಧಕ್ಕೇ ಬದಿ ಬದಲಿಸಬಾರದೆಂಬ ಮಾತಿಗೆ ಆಧಾರ ಇದು.

ಲ್ಯಾಕ್ಟೋಸ್ ಮತ್ತು ಕೊಬ್ಬನ್ನು ಬಿಟ್ಟರೆ ಎದೆಹಾಲಿನ ಘನಾಂಶದಲ್ಲಿ ಹೆಚ್ಚಿನ ಪಾಲು ಆಲಿಗೋಸ್ಯಾಕರೈಡ್ ಎಂಬ ಸಕ್ಕರೆ ಸರಪಳಿಗಳದು. ವಿಚಿತ್ರವೆಂದರೆ ಇವು ಮಗುವಿಗೆ ಜೀರ್ಣವೇ ಆಗುವುದಿಲ್ಲ. ಬಿಫಿಡೊಬ್ಯಾಕ್ಟೀರಿಯಂ ಎಂಬ ಅಣುಜೀವಿಗಳು ಕರುಳಿನಲ್ಲಿ ಇವನ್ನು ತಿಂದು ಬೆಳೆದು, ಕೆಡುಕು ಮಾಡುವ ಜೀವಿಗಳಿಗೆ ಜಾಗ ಸಿಗದಂತೆ ಮಾಡುತ್ತವೆ. ತಾಯಿ ಉಣಿಸುತ್ತಿರುವುದು ಒಂದು ಮಗುವಿಗಲ್ಲ, ಅದರ ಹೊಟ್ಟೆಯೊಳಗಿನ ಒಂದು ಊರಿಗೇ ಎನ್ನಬೇಕು. ಇದರ ಜೊತೆಗೆ ತಾಯಿ ಬದುಕುತ್ತಿರುವ ಮನೆಯ, ಬೀದಿಯ ರೋಗಾಣುಗಳಿಗೆ ಎದುರಾಗಿ ಅವಳ ದೇಹ ತಯಾರಿಸಿದ ‘ಐಜಿಎ’ ಪ್ರತಿಕಾಯಗಳು, ಕಬ್ಬಿಣಾಂಶ ರೋಗಾಣುಗಳಿಗೆ ಸಿಗದಂತೆ ಹಿಡಿದಿಡುವ ಲ್ಯಾಕ್ಟೋಫೆರಿನ್, ಅವುಗಳ ಹೊದಿಕೆಯನ್ನು ಕರಗಿಸುವ ಲೈಸೊಜೈಮ್ ಹಾಲಿನಲ್ಲಿರುತ್ತವೆ.

ಕೊರತೆಗಳೂ ಇವೆ. ಕೆ ಜೀವಸತ್ವ ತೀರಾ ಕಡಿಮೆ. ಹುಟ್ಟಿದ ಕೂಡಲೇ ಅದರ ಚುಚ್ಚುಮದ್ದು ಕೊಡುತ್ತಾರೆ. ಡಿ ಜೀವಸತ್ವವೂ ಸಾಲದು, ಹನಿಯ ರೂಪದಲ್ಲಿ ಹಾಕುತ್ತಾರೆ. ಕಬ್ಬಿಣ ಅಲ್ಪ, ಆದರೆ ಚೆನ್ನಾಗಿ ಹೀರಿಕೊಳ್ಳುವಂಥದು. ಗರ್ಭದಲ್ಲಿ ಕೂಡಿಟ್ಟುಕೊಂಡ ದಾಸ್ತಾನಿನಿಂದ ಮಗು ಆರು ತಿಂಗಳು ಸರಿದೂಗಿಸುತ್ತದೆ. ಹೊಕ್ಕುಳ ಬಳ್ಳಿಯನ್ನು ಕತ್ತರಿಸುವ ಮುನ್ನ ಒಂದೆರಡು ನಿಮಿಷ ಕಾದರೆ ಈ ದಾಸ್ತಾನು ಹೆಚ್ಚುತ್ತದೆ.

ಮೊದಲ ಹಾಲು

ಹಸು ಈದಾಗ ಗಿಣ್ಣಿಗಾಗಿ ನಾವು ಕಾಯುತ್ತೇವೆ, ಬೆಲ್ಲ ಏಲಕ್ಕಿ ಹಾಕಿ ಬೇಯಿಸಿ ನೆರೆಹೊರೆಗೂ ಹಂಚುತ್ತೇವೆ. ಹೆಂಗಸಿನ ಎದೆಯ ಗಿಣ್ಣುಹಾಲನ್ನು ಮಾತ್ರ ‘ಕೆಟ್ಟ ಹಾಲು’ ಎಂದು ಹಿಂಡಿ ಚೆಲ್ಲುವ ರೂಢಿ ಬಹುಕಾಲ ನಡೆದುಬಂತು. ಹಳದಿ ಬಣ್ಣದ, ಅಂಟಂಟಾದ ಈ ಹಾಲು ಮೊದಲ ದಿನ ಬರುವುದು ಎಲ್ಲ ಸೇರಿ 30–40 ಮಿಲಿಲೀಟರ್. ಹುಟ್ಟಿದ ಮಗುವಿನ ಹೊಟ್ಟೆಗೆ ಅಷ್ಟು ಸಾಕು. ಐಜಿಎ ಅತಿ ಹೆಚ್ಚಾಗಿ ಇರುವುದು ಇದರಲ್ಲೇ. ಮೊದಲ ಮಲವನ್ನು ಬೇಗ ಹೊರಹಾಕಿ ಕಾಮಾಲೆ ತಗ್ಗಿಸಲೂ ಇದು ನೆರವಾಗುತ್ತದೆ.

ಚೆಲ್ಲಿದ ಹಾಲಿನ ಜಾಗಕ್ಕೆ ಬಂದವು ಜೇನು, ಬೆಣ್ಣೆ, ಸಕ್ಕರೆ ನೀರು, ಬಜೆ. ಇದಕ್ಕೆ ಶಾಸ್ತ್ರದ ಬೆಂಬಲವೂ ಇತ್ತು. ಹಾಲು ಬರುವುದು ಮೂರು ನಾಲ್ಕು ರಾತ್ರಿ ಕಳೆದ ಮೇಲೆ ಎಂದು ಗಮನಿಸಿದ ಸುಶ್ರುತ ಸಂಹಿತೆ ಅಲ್ಲಿಯವರೆಗೆ ಜೇನು, ತುಪ್ಪ ನೆಕ್ಕಿಸಲು ಹೇಳುತ್ತದೆ. ಗಮನಿಸಿದ್ದು ಸರಿ, ಪರಿಹಾರ ಸರಿಯಲ್ಲ. ಜೇನಿನಲ್ಲಿ ಇರಬಹುದಾದ ಬೊಟುಲಿಸಂ ಬೀಜಕಣಗಳು ವರ್ಷದೊಳಗಿನ ಮಗುವಿನ ಕರುಳಿನಲ್ಲಿ ಮೊಳೆತು ವಿಷ ಕಾರಬಲ್ಲವು. ಅದಕ್ಕಿಂತ ಹೆಚ್ಚಾಗಿ, ಹೊಟ್ಟೆ ತುಂಬಿದ ಮಗು ಚೀಪುವುದಿಲ್ಲ, ಚೀಪದಿದ್ದರೆ ಹಾಲು ಇನ್ನಷ್ಟು ತಡ. ಅದೇ ಆಯುರ್ವೇದ ಮಕ್ಕಳ ವಯಸ್ಸನ್ನು ಕ್ಷೀರಪ, ಕ್ಷೀರಾನ್ನಾದ, ಅನ್ನಾದ ಎಂದು ವಿಂಗಡಿಸಿ, ಹಾಲು ಮಾತ್ರ, ಹಾಲು–ಅನ್ನ, ಅನ್ನ ಎಂಬ ಮೂರು ಮೆಟ್ಟಿಲನ್ನು ಹೆಸರಿಸಿದ್ದೂ ಹೌದು.

ಈಗ ಸೂಲಗಿತ್ತಿಯನ್ನಾಗಲಿ ಅಜ್ಜಿಯನ್ನಾಗಲಿ ದೂರಿ ಪ್ರಯೋಜನವಿಲ್ಲ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಶೇ 88.6ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗಿವೆ. ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕಿದ್ದು ಶೇ 41.8 ಮಕ್ಕಳಿಗೆ. ಹಿಂದಿನ ಸಮೀಕ್ಷೆಯಲ್ಲೂ ಈ ಅಂಕಿ ಶೇ 41.6 ಇತ್ತು. ಹೆರಿಗೆಯ ಜಾಗ ಬದಲಾದರೂ ಆ ಒಂದು ಗಂಟೆ ಕದಲಿಲ್ಲ. ಹೊಲಿಗೆ, ತೂಕ, ಸ್ನಾನ, ತಪಾಸಣೆ, ನೆಂಟರಿಗೆ ತೋರಿಸುವುದು ಎಲ್ಲವೂ ಮಗುವನ್ನು ತಾಯಿಯ ಮೈಯಿಂದ ಬೇರೆ ಮಾಡುತ್ತವೆ. ಆರು ತಿಂಗಳೊಳಗೆ ಎದೆಹಾಲನ್ನಷ್ಟೇ ಕುಡಿಯುವ ಮಕ್ಕಳ ಪ್ರಮಾಣ ಮಾತ್ರ ಶೇ 54.9ರಿಂದ ಶೇ 63.7ಕ್ಕೆ ಏರಿದೆ.

ಮಗು ಬೆಳೆಯುವುದು

ಹುಟ್ಟಿದ ಮಗು ಮೊದಲ ದಿನಗಳಲ್ಲಿ ತೂಕ ಕಳೆದುಕೊಳ್ಳುತ್ತದೆ. ಹುಟ್ಟುತೂಕದ ಹತ್ತನೇ ಒಂದು ಭಾಗ ಮೀರದಿದ್ದರೆ ಆತಂಕವಿಲ್ಲ. ಎರಡು ವಾರದೊಳಗೆ ಮರಳಿ ಬರುತ್ತದೆ. ಐದು ತಿಂಗಳ ಸುಮಾರಿಗೆ ತೂಕ ಇಮ್ಮಡಿ, ವರ್ಷಕ್ಕೆ ಮುಮ್ಮಡಿ. ಮೆದುಳು ಮೊದಲ ವರ್ಷದಲ್ಲೇ ಇಮ್ಮಡಿಗೆ ಹತ್ತಿರವಾಗುತ್ತದೆ. ಹಾಲು ಸಾಲುತ್ತಿದೆಯೇ ಎಂಬುದಕ್ಕೆ ಇದೇ ಗುರುತು: ತೂಕ ಏರುತ್ತಿದ್ದು ದಿನಕ್ಕೆ ಆರಕ್ಕಿಂತ ಹೆಚ್ಚು ಸಲ ಉಚ್ಚೆ ಹೊಯ್ದರೆ ಸಾಲುತ್ತಿದೆ. ಅಳು ಇದಕ್ಕೆ ಸರಿಯಾದ ಅಳತೆಗೋಲಲ್ಲ, ಮಗು ಅಳಲು ಹಸಿವಲ್ಲದೆ ನೂರು ಕಾರಣ.

ತೂಕದ ಪಟ್ಟಿಗಳದೇ ಒಂದು ಕತೆ. 2006ಕ್ಕೆ ಮುಂಚೆ ಜಗತ್ತಿನ ಬಹುಭಾಗ ಬಳಸುತ್ತಿದ್ದ ಬೆಳವಣಿಗೆಯ ಪಟ್ಟಿಯಲ್ಲಿ ಎಳೆಗೂಸುಗಳ ಭಾಗ ಅಮೆರಿಕದ ಓಹಾಯೊ ರಾಜ್ಯದ, ಹೆಚ್ಚಾಗಿ ಬಾಟಲಿ ಹಾಲು ಕುಡಿದ ಮಕ್ಕಳ ಅಳತೆಯಿಂದ ಬಂದದ್ದು. ಎದೆಹಾಲಿನ ಮಗು ಮೊದಲ ಎರಡು ಮೂರು ತಿಂಗಳು ಚೆನ್ನಾಗಿ ಏರಿ ಆಮೇಲೆ ತುಸು ನಿಧಾನವಾಗುತ್ತದೆ. ಆ ಪಟ್ಟಿಗೆ ಹಿಡಿದರೆ ಅದು ಹಿಂದೆ ಬಿದ್ದಂತೆ ಕಾಣುತ್ತಿತ್ತು. ‘ಮೇಲು ಹಾಲು ಶುರು ಮಾಡಿ’ ಎಂಬ ಸಲಹೆ ಎಷ್ಟು ತಾಯಂದಿರಿಗೆ ಈ ಕಾಗದದಿಂದ ಬಂತೋ. ವಿಶ್ವ ಆರೋಗ್ಯ ಸಂಸ್ಥೆ 1997ರಿಂದ 2003ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್ ಮತ್ತು ಅಮೆರಿಕದ ಸುಮಾರು 8,500 ಮಕ್ಕಳನ್ನು ಅಳೆಯಿತು. ಎದೆಹಾಲು ಕುಡಿದ, ಅನುಕೂಲಸ್ಥ ಮನೆಯ ಮಕ್ಕಳು ಇವರು. ಭಾರತದಿಂದ ಆಯ್ದದ್ದು ದಕ್ಷಿಣ ದೆಹಲಿ. ಸರಿಯಾಗಿ ಪೋಷಿಸಿದರೆ ಆರೂ ದೇಶಗಳ ಮಕ್ಕಳು ಐದು ವರ್ಷದವರೆಗೆ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಬೆಳೆಯುತ್ತಾರೆ ಎಂಬುದು ಇದರಿಂದ ಗೊತ್ತಾಯಿತು. ಅಂಗನವಾಡಿಯ ಗೋಡೆಯಲ್ಲಿ, ತಾಯಿ ಕಾರ್ಡಿನಲ್ಲಿ ಇಂದು ಕಾಣುವ ಗೆರೆಗಳ ಮೂಲ ಈ ಅಧ್ಯಯನ.

ಎದೆಗೆ ಬಂದ ಮಗು ಕಲಿಯುವುದೂ ಬಹಳ. ಕೆನ್ನೆಗೆ ಸೋಕಿದತ್ತ ಬಾಯಿ ತಿರುಗಿಸುವುದು ಹುಟ್ಟುಗುಣ. ಚೀಪು, ನುಂಗು, ಉಸಿರಾಡು ಎಂಬ ಮೂರು ಕೆಲಸಗಳನ್ನು ಹೊಂದಿಸುವ ಚಾತುರ್ಯ ಗರ್ಭದ 34ನೆಯ ವಾರದ ಸುಮಾರಿಗೆ ಕೂಡಿಬರುತ್ತದೆ. ಎಳೆಗಣ್ಣಿಗೆ ಸ್ಪಷ್ಟವಾಗಿ ಕಾಣುವುದು ಒಂದು ಗೇಣಿನಷ್ಟು ದೂರ. ಮಡಿಲಿನಿಂದ ತಾಯಿಯ ಮುಖವೂ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿರುತ್ತದೆ. ತಾಯಿ ಉಂಡ ಬೆಳ್ಳುಳ್ಳಿಯ ವಾಸನೆ ಹಾಲಿಗೆ ಇಳಿಯುತ್ತದೆ. ಬಾಣಂತಿಯ ಸಾರಿನ ರುಚಿಯನ್ನು ಕೂಸು ಅನ್ನಕ್ಕಿಂತ ಮೊದಲೇ ಪರಿಚಯ ಮಾಡಿಕೊಂಡಿರುತ್ತದೆ.

ಎದೆಹಾಲು ಕುಡಿದ ಮಕ್ಕಳು ಜಾಣರಾಗುತ್ತಾರೆಯೇ? ಇದು ಸುಲಭದ ಪ್ರಶ್ನೆಯಲ್ಲ. ಶ್ರೀಮಂತ ದೇಶಗಳಲ್ಲಿ ಹೆಚ್ಚು ಓದಿದ ತಾಯಂದಿರೇ ಹೆಚ್ಚು ಕಾಲ ಹಾಲೂಡಿಸುವುದರಿಂದ, ಜಾಣತನ ಹಾಲಿನದೋ ಮನೆಯದೋ ಬೇರ್ಪಡಿಸುವುದು ಕಷ್ಟ. ಬೆಲರೂಸ್ ದೇಶದಲ್ಲಿ 1996–97ರಲ್ಲಿ ಕೆನಡಾದ ಮೈಕಲ್ ಕ್ರೇಮರ್ ಮತ್ತು ಸಂಗಡಿಗರು 31 ಆಸ್ಪತ್ರೆಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದರಲ್ಲಿ ಮಾತ್ರ ಹಾಲೂಡಿಕೆಗೆ ವಿಶೇಷ ಬೆಂಬಲ ಕೊಟ್ಟರು. ಒಟ್ಟು 17,046 ತಾಯಿ–ಮಕ್ಕಳು. ಬೆಂಬಲ ಇಲ್ಲದ ಗುಂಪಿನಲ್ಲಿ ಶೇ 13.2 ಇದ್ದ ಮೊದಲ ವರ್ಷದ ಕರುಳಿನ ಸೋಂಕು ಬೆಂಬಲ ಸಿಕ್ಕ ಗುಂಪಿನಲ್ಲಿ ಶೇ 9.1 ಮಾತ್ರ ಇತ್ತು. ಆರೂವರೆ ವರ್ಷದಲ್ಲಿ ಬುದ್ಧಿಯ ಪರೀಕ್ಷೆಯಲ್ಲೂ ಆ ಮಕ್ಕಳು ಮುಂದಿದ್ದರು. ಹದಿನಾರರ ಹೊತ್ತಿಗೆ ಆ ಅಂತರ ಕರಗಿ, ಭಾಷೆಯ ಸಾಮರ್ಥ್ಯದಲ್ಲಿ ಚೂರು ಮಾತ್ರ ಉಳಿಯಿತು. ಬೊಜ್ಜು ತಡೆಯುತ್ತದೆ ಎಂಬ ಪ್ರಚಾರಕ್ಕಂತೂ ಈ ಪ್ರಯೋಗ ಬೆಂಬಲ ಕೊಡಲಿಲ್ಲ. ಬ್ರೆಜಿಲ್‌ನ ಪೆಲೋಟಸ್ ನಗರದಲ್ಲಿ 1982ರಲ್ಲಿ ಹುಟ್ಟಿದವರನ್ನು ಮೂವತ್ತು ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ ವರ್ಷಕಾಲ ಹಾಲು ಕುಡಿದವರು ಬುದ್ಧಿಯ ಪರೀಕ್ಷೆಯಲ್ಲಿ ಮೂರೂಮುಕ್ಕಾಲು ಅಂಕ ಮೇಲಿದ್ದರು. ಅಲ್ಲಿ ಬಡವರು, ಶ್ರೀಮಂತರು ಇಬ್ಬರೂ ಹಾಲೂಡಿಸುತ್ತಿದ್ದರು ಎಂಬುದು ಈ ಫಲಿತಾಂಶಕ್ಕೆ ತೂಕ ಕೊಡುತ್ತದೆ. ಬುದ್ಧಿಯ ಲಾಭ ಇರಬಹುದು, ಇದ್ದರೆ ಸಣ್ಣದು. ಭೇದಿ, ನ್ಯುಮೋನಿಯಾದಿಂದ ಸಿಗುವ ರಕ್ಷಣೆ ಮಾತ್ರ ಸಣ್ಣದಲ್ಲ. ಹಾಲೂಡಿಕೆ ಎಲ್ಲೆಡೆ ಸರಿಯಾಗಿ ನಡೆದರೆ ವರ್ಷಕ್ಕೆ 8,23,000 ಮಕ್ಕಳ ಸಾವು ತಪ್ಪಬಹುದೆಂದು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ 2016ರಲ್ಲಿ ಅಂದಾಜು ಮಾಡಿತು. ತಾಯಿಗೂ ಪ್ರತಿ ಹನ್ನೆರಡು ತಿಂಗಳ ಹಾಲೂಡಿಕೆಗೆ ಸ್ತನ ಕ್ಯಾನ್ಸರಿನ ಅಪಾಯ ಸುಮಾರು ಶೇ 4.3 ತಗ್ಗುತ್ತದೆ.

ಡಬ್ಬಿ ಹಾಲು

1860ರ ದಶಕದಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್, ಸ್ವಿಟ್ಜರ್ಲೆಂಡಿನ ಹೆನ್ರಿ ನೆಸ್ಲೆ ಶಿಶು ಆಹಾರವನ್ನು ಮಾರುಕಟ್ಟೆಗೆ ತಂದರು. ತಾಯಿ ಸತ್ತ, ಹಾಲಿಲ್ಲದ ಮಕ್ಕಳಿಗೆ ಅದು ಜೀವದಾನವೇ. ಶುದ್ಧ ನೀರಿಲ್ಲದ, ಡಬ್ಬಿಗೆ ದುಡ್ಡು ಸಾಲದೆ ಪುಡಿಯನ್ನು ನೀರಾಗಿ ಕಲಸುವ ಮನೆಗಳಿಗೆ ಮಾರಾಟ ತಲುಪಿದಾಗ ಕತೆ ತಿರುಗಿತು. ಮಲಯಾದಲ್ಲಿ ಕೆಲಸ ಮಾಡುತ್ತಿದ್ದ ವೈದ್ಯೆ ಸಿಸಿಲಿ ವಿಲಿಯಮ್ಸ್ 1939ರಲ್ಲಿ ಸಿಂಗಪುರದ ರೋಟರಿ ಸಭೆಯಲ್ಲಿ ಇದನ್ನು ಕೊಲೆಯೆಂದೇ ಕರೆದರು. 1977ರಲ್ಲಿ ನೆಸ್ಲೆ ಸರಕು ಬಹಿಷ್ಕಾರ ಆರಂಭವಾಯಿತು. 1981ರಲ್ಲಿ ವಿಶ್ವ ಆರೋಗ್ಯ ಸಭೆ ಡಬ್ಬಿ ಹಾಲಿನ ಮಾರಾಟ ಸಂಹಿತೆಯನ್ನು ಒಪ್ಪಿದಾಗ ವಿರುದ್ಧ ಮತ ಹಾಕಿದ್ದು ಅಮೆರಿಕ ಒಂದೇ.

ಈ ಚರಿತ್ರೆಯಲ್ಲಿ ಮೈಸೂರಿಗೂ ಒಂದು ಜಾಗವಿದೆ. ಎಮ್ಮೆ ಹಾಲಿನಿಂದ ಶಿಶು ಆಹಾರ ಆಗದು ಎಂಬ ನಂಬಿಕೆ ಇದ್ದ ಕಾಲದಲ್ಲಿ, 1950ರ ದಶಕದಲ್ಲಿ, ಅಲ್ಲಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಅದರ ವಿಧಾನ ಕಂಡುಹಿಡಿಯಿತು. ಗುಜರಾತಿನ ಕೈರಾ ಸಹಕಾರಿ ಒಕ್ಕೂಟ ಅಮುಲ್ ಹೆಸರಿನಲ್ಲಿ ತಯಾರಿಸಿತು. ಆಮದು ಡಬ್ಬಿಯ ಅವಲಂಬನೆ ತಗ್ಗಿಸಿದ ಸಾಧನೆ ಅದು. ಭಾರತದ 1992ರ ಕಾಯ್ದೆ, 2003ರ ತಿದ್ದುಪಡಿ ಸೇರಿ, ಎರಡು ವರ್ಷದೊಳಗಿನ ಮಕ್ಕಳ ಆಹಾರ ಮತ್ತು ಹಾಲಿನ ಬಾಟಲಿಗಳ ಜಾಹೀರಾತು, ಉಚಿತ ಮಾದರಿ, ಡಬ್ಬಿಯ ಮೇಲೆ ಮುದ್ದು ಮಗುವಿನ ಚಿತ್ರ ಇವನ್ನೆಲ್ಲ ನಿಷೇಧಿಸುತ್ತದೆ.

ಬಾಣಂತಿಯ ತಟ್ಟೆ ಮತ್ತು ಹೊತ್ತು

ಹಾಲೂಡಿಸುವ ಮೊದಲ ಆರು ತಿಂಗಳು ತಾಯಿಗೆ ದಿನಕ್ಕೆ 600 ಕ್ಯಾಲೊರಿ ಹೆಚ್ಚಿಗೆ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. ಉತ್ತರ ಕರ್ನಾಟಕದ ಅಂಟಿನ ಉಂಡೆ, ಅಳವಿ ಪಾಯಸ, ಹಳೇ ಮೈಸೂರಿನ ಸಬ್ಬಸಿಗೆ ಸೊಪ್ಪು, ಮೆಂತ್ಯ, ಬೆಳ್ಳುಳ್ಳಿ ಈ ಅಗತ್ಯಕ್ಕೆ ಬಾಣಂತನ ಕೊಟ್ಟ ಉತ್ತರ. ನಲವತ್ತು ದಿನ ತವರಿನ ಕೋಣೆ, ಮೈಗೆ ಎಣ್ಣೆ, ಕೆಲಸದಿಂದ ಬಿಡುವು, ಪಕ್ಕದಲ್ಲಿ ಮಗು: ಹಾಲಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡನ್ನು ಯಾವ ಆಸ್ಪತ್ರೆಯೂ ಯೋಚಿಸಿಲ್ಲ. ಆದರೆ ಕೆಲವು ಮನೆಗಳಲ್ಲಿ ಬಾಣಂತನ ಪಥ್ಯವಾಗಿ ಬಿಗಿಯುತ್ತದೆ. ಬಿಳಿ ಅನ್ನ, ಮೆಣಸಿನ ಸಾರು, ಅಳೆದು ಕೊಡುವ ನೀರು, ತರಕಾರಿ ಬೇಳೆ ವರ್ಜ್ಯ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಬಿ1 ಜೀವಸತ್ವ (ಥಯಮಿನ್) ತೀರಾ ಕಡಿಮೆ, ತಾಯಿಯಲ್ಲಿ ಇಲ್ಲದ್ದು ಹಾಲಿಗೂ ಬಾರದು. ಎದೆಹಾಲನ್ನಷ್ಟೇ ಕುಡಿಯುತ್ತಿದ್ದ ಎಳೆಯ ಮಕ್ಕಳು ಶ್ವಾಸಕೋಶದ ರಕ್ತದೊತ್ತಡ ಏರಿ ಏದುಸಿರಿನೊಂದಿಗೆ ಬರುತ್ತಿದ್ದುದನ್ನೂ, ಥಯಮಿನ್ ಚುಚ್ಚುಮದ್ದಿಗೆ ಅವರು ಬೇಗನೆ ಚೇತರಿಸಿಕೊಂಡದ್ದನ್ನೂ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು 2021ರಲ್ಲಿ ವರದಿ ಮಾಡಿದರು. ತಾಯಂದಿರ ಪಥ್ಯವೇ ಅದರ ಬೇರು. ಕರ್ನಾಟಕದಲ್ಲಿ 2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಒಂದು ಹೊತ್ತಿನ ಬಿಸಿಯೂಟ ಕೊಡುತ್ತದೆ. ಮನೆಯಿಂದ ಹೊರಗೆ ಕಾಲಿಡಬಾರದ ಹಸಿ ಬಾಣಂತಿ ಅಲ್ಲಿಗೆ ಬರುವುದು ಹೇಗೆ ಎಂಬುದು ಆಗಲೇ ಎದ್ದ ಪ್ರಶ್ನೆ.

ಊಟದಷ್ಟೇ ಮುಖ್ಯ ಹೊತ್ತು. ಹೆರಿಗೆ ರಜೆಯ ಕಾನೂನಿಗೆ 2017ರಲ್ಲಿ ಬಂದ ತಿದ್ದುಪಡಿಯಿಂದ ಈ ರಜೆ ಮೊದಲ ಎರಡು ಮಕ್ಕಳಿಗೆ 26 ವಾರ, ಅಂದರೆ ಆರು ತಿಂಗಳು. ಐವತ್ತು ಮಂದಿ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಕಡ್ಡಾಯ. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆರಡು ಹಾಲೂಡಿಕೆ ಬಿಡುವು. ಕಾಗದದಲ್ಲಿ ಇದು ಜಗತ್ತಿನ ಉದಾರ ಕಾನೂನುಗಳಲ್ಲಿ ಒಂದು. ಕಟ್ಟಡದ ಕೆಲಸ, ಕೂಲಿ, ಮನೆಗೆಲಸ ಮಾಡುವವರಿಗೆ ಇದು ಮುಟ್ಟುವುದಿಲ್ಲ. ಅವರ ಶಿಶುಪಾಲನಾ ಕೇಂದ್ರ ಮರದ ಕೊಂಬೆಗೆ ಕಟ್ಟಿದ ಸೀರೆಯ ಜೋಲಿ. ಕರ್ನಾಟಕ ಸರ್ಕಾರ 2023ರಲ್ಲಿ ಪ್ರಕಟಿಸಿದ ‘ಕೂಸಿನ ಮನೆ’ ಯೋಜನೆ ಉದ್ಯೋಗ ಖಾತ್ರಿ ಕೆಲಸಕ್ಕೆ ಬರುವ ತಾಯಂದಿರಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ಇಂಥ ಕೇಂದ್ರ ತೆರೆಯುವ ಪ್ರಯತ್ನ.

ಎದೆಗೆ ಹಾಕಲಾಗದಾಗ

ದಿನ ತುಂಬದೆ ಹುಟ್ಟಿದ ಮಗುವಿಗೆ ಚೀಪುವ ಶಕ್ತಿ ಇರುವುದಿಲ್ಲ. ಆಗ ಹಾಲು ಹಿಂಡಿ ಒಳಲೆಯಲ್ಲಿ ಕುಡಿಸುತ್ತಾರೆ. ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಈ ಮೂತಿಯ ಬಟ್ಟಲನ್ನು ನವಜಾತ ಶಿಶುಗಳ ಘಟಕಗಳೂ ಬಾಟಲಿಗಿಂತ ಮೇಲೆಂದು ಒಪ್ಪಿವೆ, ತೊಳೆಯುವುದು ಸುಲಭ. ಮಗುವನ್ನು ಬರಿಮೈಯಲ್ಲಿ ಎದೆಗಪ್ಪಿಕೊಳ್ಳುವ ಕಾಂಗರೂ ಆರೈಕೆ 1978ರಲ್ಲಿ ಕೊಲಂಬಿಯಾದ ಬೊಗೊಟಾ ನಗರದಲ್ಲಿ, ಇನ್‌ಕ್ಯುಬೇಟರ್ ಸಾಲದ ಕಾರಣಕ್ಕೆ ಹುಟ್ಟಿತು. ಕರ್ನಾಟಕದ ಕೊಪ್ಪಳ ಜಿಲ್ಲೆಯಲ್ಲಿ ಅದನ್ನು ಇಡೀ ಜಿಲ್ಲೆಗೆ ಹರಡುವ ಪ್ರಯೋಗ ನಡೆದಿದೆ. ತಾಯಿಯ ಹಾಲೇ ಸಿಗದವರಿಗೆ ಹಾಲಿನ ಬ್ಯಾಂಕು. ಭಾರತದಲ್ಲಿ ಮೊದಲನೆಯದನ್ನು 1989ರಲ್ಲಿ ಮುಂಬೈಯ ಸಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಆರಂಭಿಸಿದರು. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲಿ ‘ಅಮೃತಧಾರೆ’ 2022ರಲ್ಲಿ ಬಂತು. ದಾನದ ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಕಾಯಿಸಿ ಇಡುತ್ತಾರೆ.

ಗ್ಯಾಲಕ್ಟೊಸೀಮಿಯ ಎಂಬ ಅಪರೂಪದ ಹುಟ್ಟುರೋಗದಲ್ಲಿ ಎದೆಹಾಲು ನಿಷಿದ್ಧ. ಎಚ್‌ಐವಿ ಇರುವ ತಾಯಿ ಔಷಧಿ ತಪ್ಪದೆ ತೆಗೆದುಕೊಳ್ಳುತ್ತಿದ್ದರೆ ಹಾಲೂಡಿಸಬಹುದು ಎಂಬುದು ಈಗಿನ ನಿಲುವು. ಅಂಥವರಲ್ಲಿ ಮೊದಲ ತಿಂಗಳುಗಳಲ್ಲಿ ಎದೆಹಾಲು, ಮೇಲು ಹಾಲು ಎರಡನ್ನೂ ಬೆರೆಸುವುದು ಎದೆಹಾಲಷ್ಟೇ ಕೊಡುವುದಕ್ಕಿಂತ ಹೆಚ್ಚು ಅಪಾಯ.

ಆರು ತಿಂಗಳು ತುಂಬಿದ ಮೇಲೆ

ಅಲ್ಲಿಂದ ಮುಂದೆ ಹಾಲೊಂದೇ ಸಾಲದು, ಕಬ್ಬಿಣದ ದಾಸ್ತಾನು ಮುಗಿದಿರುತ್ತದೆ. ಮೊಳಕೆ ಬರಿಸಿದ ರಾಗಿಯ ಸರಿ ನಮ್ಮ ಕಡೆಯ ಮೊದಲ ಊಟ. ಮೊಳಕೆಯಿಂದ ಹಿಟ್ಟು ತೆಳುವಾಗಿ, ಪುಟ್ಟ ಹೊಟ್ಟೆಗೆ ಹೆಚ್ಚು ಸತ್ವ ಹಿಡಿಸುತ್ತದೆ. ಬೇಳೆ, ಸೊಪ್ಪು, ಮೊಟ್ಟೆ, ತುಪ್ಪ ಜೊತೆಗೂಡಬೇಕು. ಆರರಿಂದ 23 ತಿಂಗಳ ಮಕ್ಕಳಲ್ಲಿ ಸಾಕಷ್ಟು ಆಹಾರ ಸಿಗುತ್ತಿರುವುದು ದೇಶದಲ್ಲಿ ಶೇ 11.3 ಮಕ್ಕಳಿಗೆ ಎಂದು ಅದೇ ಐದನೆಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಹಾಲಿನ ಬಗ್ಗೆ ಆಗುವ ಮಾತಿನ ಕಾಲುಭಾಗವೂ ಈ ತಟ್ಟೆಯ ಬಗ್ಗೆ ಆಗುವುದಿಲ್ಲ.

ಹಾಲು ಬಿಡಿಸಲು ತೊಟ್ಟಿಗೆ ಬೇವಿನ ರಸ ಹಚ್ಚುವುದು ಹಳೆಯ ಉಪಾಯ. ನಿಧಾನವಾಗಿ ಒಂದೊಂದೇ ಹೊತ್ತು ಕಡಿಮೆ ಮಾಡಿದರೆ ಎದೆಗೂ ನೋವಿಲ್ಲ, ಮಗುವಿಗೂ ದಿಗಿಲಿಲ್ಲ. ಹೀಗೆ ಬತ್ತುತ್ತಾ ಬರುವ ಹಾಲಿನಲ್ಲಿ ಲ್ಯಾಕ್ಟೋಸ್ ಇಳಿದು, ಪ್ರತಿಕಾಯ ಮತ್ತು ಲ್ಯಾಕ್ಟೋಫೆರಿನ್‌ಗಳ ಸಾಂದ್ರತೆ ಮತ್ತೆ ಏರುತ್ತದೆ. ಕೊನೆಯ ಹಾಲು ಎಷ್ಟೋ ಮಟ್ಟಿಗೆ ಮೊದಲ ದಿನದ ಗಿಣ್ಣುಹಾಲನ್ನು ಹೋಲುತ್ತದೆ.